ಪತ್ರೆಯ ಕಟ್ಟು

ಗಣೇಶನ ಹಬ್ಬದ ಹಿಂದಿನ ಸಂಜೆ ಬಾಳೆಹಣ್ಣನ್ನು ತಿರುಗಿಸಿ ಮುರುಗಿಸಿ ನೋಡುವವರೂ, ಮೊಳ ಹೂವಿಗೆ ಚೌಕಾಸಿ ಮಾಡುವವರೂ ಪತ್ರೆಯ ಕಟ್ಟನ್ನು ಮಾತ್ರ ಕಣ್ಣೆತ್ತಿಯೂ ನೋಡದೆ ಚೀಲಕ್ಕೆ ತುರುಕಿಕೊಳ್ಳುತ್ತಾರೆ. ಅದರೊಳಗೆ ಯಾವ ಯಾವ ಎಲೆಗಳಿವೆ ಎಂದು ಮಾರುವಾಕೆಯನ್ನು ಕೇಳಿದವರನ್ನು ನಾನು ಬೆಂಗಳೂರಿನಲ್ಲಿ ಈವರೆಗೆ ಕಂಡಿಲ್ಲ. ಮರುದಿನ ‘ಬದರೀಪತ್ರಂ ಸಮರ್ಪಯಾಮಿ, ಅಪಾಮಾರ್ಗಪತ್ರಂ ಸಮರ್ಪಯಾಮಿ’ ಎಂದು 21 ಹೆಸರುಗಳನ್ನು ಓದುತ್ತಾ ಹೋದಂತೆ ನಾನೂ ಕೈಗೆ ಸಿಕ್ಕಿದ ಎಲೆಯನ್ನೇ ಕಿತ್ತು ಏರಿಸುತ್ತೇನೆ. ಎಕ್ಕದ ಹೆಸರಿಗೆ ಮಾವು ಬಂದರೂ, ಬನ್ನಿಯ ಹೆಸರಿಗೆ ತುಳಸಿ ಬಂದರೂ ಗಣಪತಿ ಇದುವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ.

ಈ ಕುರುಡುತನಕ್ಕೆ ಅಮೆರಿಕದ ಸಸ್ಯಶಾಸ್ತ್ರ ಬೋಧಕರಾದ ಜೇಮ್ಸ್ ವಾಂಡರ್ಸಿ ಮತ್ತು ಎಲಿಜಬೆತ್ ಶಸ್ಲರ್ 1990ರ ದಶಕದ ಕೊನೆಯಲ್ಲಿ ಒಂದು ಹೆಸರಿಟ್ಟರು. ಅದನ್ನು ಕನ್ನಡದಲ್ಲಿ ಸಸ್ಯಾಂಧತೆ ಎನ್ನಬಹುದು. ಗಿಡ ಅಲುಗಾಡುವುದಿಲ್ಲ, ಅದಕ್ಕೆ ಮುಖವಿಲ್ಲ, ಒಂದರ ಹಸಿರು ಇನ್ನೊಂದರ ಹಸಿರಿನಲ್ಲಿ ಕರಗಿಹೋಗುತ್ತದೆ. ಮೈಮೇಲೆ ಬೀಳಲು ಬರುವ ಸ್ಕೂಟರನ್ನು ಗಮನಿಸಬೇಕಾದ ಮಿದುಳು ಇದನ್ನೆಲ್ಲ ಹಿನ್ನೆಲೆಯ ಪರದೆಯೆಂದು ಬದಿಗಿಡುತ್ತದೆ. ವಿವರಣೆ ಸರಿಯಾಗಿಯೇ ಇದೆ. ಆದರೆ ನನ್ನ ಅಜ್ಜಿಗೂ ಅದೇ ಬಗೆಯ ಮಿದುಳಿತ್ತು. ಬೇಲಿಯಲ್ಲಿ ಬೆಳೆದ ಹತ್ತಾರು ಸೊಪ್ಪುಗಳಲ್ಲಿ ಸಾರಿಗೆ ಯಾವುದು, ಕೆಮ್ಮಿಗೆ ಯಾವುದು, ದನವೂ ಮುಟ್ಟದ್ದು ಯಾವುದು ಎಂಬುದನ್ನು ಆಕೆ ನಡೆಯುತ್ತಲೇ ಹೇಳುತ್ತಿದ್ದಳು. ಕಣ್ಣಿಗೆ ಮೊದಲು ಬೇಕಾಗಿರುವುದು ಕೆಲಸ. ಸೊಪ್ಪು ಫೋನಿನಲ್ಲಿ ಒತ್ತಿದರೆ ಬಾಗಿಲಿಗೇ ಬರುವ ಊರಿನಲ್ಲಿ ಅದಕ್ಕೆ ಆ ಕೆಲಸವೇ ಉಳಿದಿಲ್ಲ.

ವಿಚಿತ್ರವೆಂದರೆ ಹೆಸರುಗಳು ಮಾತ್ರ ಎಲ್ಲಿಗೂ ಹೋಗಿಲ್ಲ. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಕುಳಿತರೆ ಸಂಪಿಗೆ ರಸ್ತೆ, ಎಲಚೇನಹಳ್ಳಿ ಎಂದು ಧ್ವನಿವರ್ಧಕ ದಿನವಿಡೀ ಮರಗಳನ್ನು ಕರೆಯುತ್ತಿರುತ್ತದೆ. ನೇರಳೆ ಮಾರ್ಗದಲ್ಲಿ ಅತ್ತಿಗುಪ್ಪೆ ಬರುತ್ತದೆ, ಆ ಮಾರ್ಗದ ಬಣ್ಣವೂ ಒಂದು ಹಣ್ಣಿನದೇ. ಪೂಜೆಯಲ್ಲಿ ನಾನು ಬಾಯಿತುಂಬ ಹೇಳುವ ಬದರಿ ಎಂದರೆ ಈ ಎಲಚಿಯೇ ಎಂದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ. ಹೀಗಿರುವಾಗ, ಅರಿವು ಮೂಡಿಸಲು ಹೊಸದಾಗಿ ಪಾಠ ಹೇಳುವುದಕ್ಕಿಂತ ಬಾಯಲ್ಲಿರುವ ಹೆಸರನ್ನು ಗಿಡಕ್ಕೆ ಮರಳಿಸುವುದು ಸುಲಭವೆಂದು ನನಗೆ ತೋರುತ್ತದೆ. ಎಲಚೇನಹಳ್ಳಿಯ ನಿಲ್ದಾಣದ ಮುಂದೆ ಒಂದು ಎಲಚಿ ಗಿಡವಿದ್ದರೆ ಸಾಕು, ಅದರ ಮುಳ್ಳೇ ಉಳಿದ ಪಾಠವನ್ನು ಮಾಡೀತು. ಮರಕ್ಕೆ ಮೊಳೆ ಹೊಡೆದು ಲ್ಯಾಟಿನ್ ಹೆಸರಿನ ಫಲಕ ತೂಗುಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಬಾಡಿಗೆ ಕೋಣೆಯ ಜಾಹೀರಾತಿಗೆಂದು ಹೊಡೆದ ಮೊಳೆಗಳೇ ಅದಕ್ಕೆ ಸಾಕಷ್ಟಿವೆ.

ನಗರದವರು ಮರವನ್ನು ನೋಡುವುದೇ ಇಲ್ಲವೆಂದರೆ ಅನ್ಯಾಯವಾದೀತು. ಅಮೆರಿಕ ಖಂಡದಿಂದ ಬಂದ ಟಬೂಬಿಯಾ ಬೇಸಿಗೆಯ ಹೊಸ್ತಿಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ರಸ್ತೆಯ ನಡುವೆಯೇ ನಿಂತು ಚಿತ್ರ ತೆಗೆಯುತ್ತಾರೆ. ಹೂ ಉದುರಿದ ಮೇಲೆ ಅದೇ ಮರ ಅವರ ಪಾಲಿಗೆ ಮತ್ತೆ ಕಂಬವಾಗುತ್ತದೆ. ಪಕ್ಕದ ಹೊಂಗೆಗಂತೂ ಆ ಕೆಲವು ದಿನಗಳ ಭಾಗ್ಯವೂ ಇಲ್ಲ. ಯುಗಾದಿಯ ಆಸುಪಾಸಿನಲ್ಲಿ ಅದು ಎಳೆಹಸಿರು ತಳೆದು, ಆಮೇಲೆ ಸಣ್ಣ ಹೂಗಳನ್ನು ಕಾಲುದಾರಿಗೆಲ್ಲ ಚೆಲ್ಲಿದರೆ, ನಮ್ಮ ಬೀದಿಯಲ್ಲಿ ಅದನ್ನು ಗಮನಿಸುವುದು ಜೇನುನೊಣ ಮತ್ತು ಕಸ ಗುಡಿಸುವಾಕೆ ಮಾತ್ರ.

ಕಳೆದ ಹಬ್ಬದ ಮರುದಿನ ಖಾಲಿ ಸೈಟಿನ ಬದಿಯಿಂದ ನಡೆದು ಬಂದ ನನ್ನ ಪಂಚೆಯ ಅಂಚಿಗೆ ಚಿಕ್ಕ ಮುಳ್ಳುಕಾಳುಗಳು ಸಾಲಾಗಿ ಅಂಟಿಕೊಂಡಿದ್ದವು. ಮೊಮ್ಮಗ ಒಂದೊಂದನ್ನೇ ಕಿತ್ತು, “ತಾತ, ಇದೇನು?” ಎಂದ. ಉತ್ತರಾಣಿ, ನಿನ್ನೆ ಪೂಜೆಯಲ್ಲಿ ಅಪಾಮಾರ್ಗ ಎಂದು ಓದಿದೆನಲ್ಲ, ಅದೇ ಎಂದೆ. ಅವನು ಆ ಎರಡು ಹೆಸರುಗಳನ್ನೂ ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು, ಆಗಷ್ಟೇ ಆಫೀಸಿನಿಂದ ಬಂದ ತನ್ನಪ್ಪನ ಕಾಲುಚೀಲವನ್ನು ತಪಾಸಣೆ ಮಾಡಲು ಬಾಗಿಲಿಗೆ ಓಡಿದ.