ಸಂಪಾದಕ ಮಂಡಳಿಯೂ ಕೋಲೆಬಸವನೂ

ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರ ಇಮೇಲ್‌ಗೆ ದಿನ ಬೆಳಗಾದರೆ ಬಂದು ಬೀಳುವ ಆಹ್ವಾನಗಳಲ್ಲಿ ಮುಕ್ಕಾಲು ಪಾಲು, ತಮ್ಮ ಘನ ವಿದ್ವತ್ತಿಗೆ ಬೆರಗಾಗಿದ್ದೇವೆ ಎಂದು ಆರಂಭವಾಗಿ, ಇಷ್ಟು ಡಾಲರ್ ಕಳುಹಿಸಿದರೆ ತಮ್ಮ ಲೇಖನವನ್ನು ಈ ವಾರವೇ ಪ್ರಕಟಿಸುತ್ತೇವೆ ಎಂದು ಮುಗಿಯುತ್ತವೆ. ಆಯುಷ್ಯವನ್ನೆಲ್ಲ ಲಾವಣಿ, ಒಗಟು, ಅಜ್ಜಿಕಥೆಗಳಲ್ಲಿ ಸವೆಸಿದ ನನಗೆ ಹೃದ್ರೋಗದ ಪತ್ರಿಕೆಯಿಂದಲೂ ಸಿಮೆಂಟು ಕಾಂಕ್ರೀಟಿನ ಪತ್ರಿಕೆಯಿಂದಲೂ ಈ ಬಗೆಯ ಮನ್ನಣೆ ದೊರೆತಿದೆ. ಹೀಗಾಗಿ ಬಾಲ್ಟಿಕ್ ಸಮುದ್ರದ ತೀರದ ದೇಶವೊಂದರಿಂದ ಹೊರಡುವ, ನಿಜವಾಗಿಯೂ ವಿದ್ವಾಂಸರು ಓದುವ ಜಾನಪದ ಪತ್ರಿಕೆಯೊಂದು ತನ್ನ ಸಂಪಾದಕ ಮಂಡಳಿಗೆ ಸೇರುವಂತೆ ನನ್ನನ್ನು ಕೇಳಿಕೊಂಡಾಗ, ಹನುಮಂತನಗರದ ನಮ್ಮ ಮನೆಯಲ್ಲಿ ಅದನ್ನು ನಂಬುವುದಕ್ಕೆ ಯಾರೂ ಸಿದ್ಧರಿರಲಿಲ್ಲ.

ಮಗನಿಗಂತೂ ಇದು ಮೋಸದ ಜಾಲವೆಂಬುದು ಖಚಿತವಾಗಿತ್ತು. ದುಡ್ಡು ಕೇಳಿಲ್ಲವಲ್ಲ ಎಂದು ನಾನು ವಾದಿಸಿದರೆ, ಮೊದಲೇ ಕೇಳುವವನು ದಡ್ಡ ಕಳ್ಳ ಎಂದು ಅವನು ತಿಳಿಸಿಕೊಟ್ಟ. ಪತ್ರಿಕೆಯವರು ನನ್ನ ಆರ್ಕಿಡ್ ಸಂಖ್ಯೆಯನ್ನು ಕೇಳಿದ್ದು ಅವನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ಪ್ರಪಂಚದ ಸಂಶೋಧಕರನ್ನೆಲ್ಲ ಒಬ್ಬರಿಂದೊಬ್ಬರನ್ನು ಗುರುತಿಸುವುದಕ್ಕೆ ಇರುವ ಆ ಸಂಖ್ಯೆಯಲ್ಲಿ 16 ಅಂಕಿಗಳಿವೆ. ನಾಲ್ಕು ನಾಲ್ಕಾಗಿ ಬಿಡಿಸಿ ಬರೆದಾಗ ಅದು ಥೇಟ್ ಬ್ಯಾಂಕಿನ ಕಾರ್ಡಿನ ನಂಬರಿನಂತೆಯೇ ಕಾಣುತ್ತದೆ. "ಅಪ್ಪಾ, ದಯವಿಟ್ಟು ಓಟಿಪಿ ಮಾತ್ರ ಹೇಳಬೇಡಿ" ಎಂದು ಅವನು ಆಫೀಸಿನಿಂದಲೇ ಫೋನ್ ಮಾಡಿದ.

ನನ್ನ ಹೆಂಡತಿಯ ಪ್ರಶ್ನೆ ಸರಳವಾಗಿತ್ತು: "ಸಂಬಳ ಎಷ್ಟು?" ಇಂಥ ಕೆಲಸಕ್ಕೆ ಸಂಬಳವಿರುವುದಿಲ್ಲ, ಗೌರವವಿರುತ್ತದೆ ಎಂದೆ. ಗೌರವವನ್ನು ಯಾವ ಅಂಗಡಿಯವನು ತೆಗೆದುಕೊಳ್ಳುತ್ತಾನೆ ಎಂದು ಆಕೆ ಕೇಳಲಿಲ್ಲ, ಕೇಳಿದಂತೆ ನೋಡಿದಳು. ನಮ್ಮ ಹಳ್ಳಿಯ ಹಾಡು ಆ ಚಳಿದೇಶದವರಿಗೆ ಏಕೆ ಬೇಕು ಎಂಬುದು ಆಕೆಯ ಮುಂದಿನ ಸಂದೇಹ. ಇದು ಇಂದು ನಿನ್ನೆಯದಲ್ಲ, ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಬರೆದುಕೊಂಡು 1880ರ ದಶಕದಲ್ಲಿಯೇ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದ್ದರು, ಲಂಡನ್ನಿನ ಜಾನಪದ ಸಂಘ 1878ರಷ್ಟು ಹಳೆಯದು, ಹೆಲ್ಸಿಂಕಿಯವರು 1910ರ ವೇಳೆಗಾಗಲೇ ಕಥೆಗಳಿಗೆ ನಂಬರು ಕೊಟ್ಟು ಪಟ್ಟಿ ಮಾಡಿಬಿಟ್ಟಿದ್ದರು ಎಂದು ನಾನು ವಿವರಿಸುತ್ತಾ ಹೋದೆ. ಪಟ್ಟಿಯನ್ನು ಮುಗಿಸುವಷ್ಟರಲ್ಲಿ ಕುಕ್ಕರ್ ಕೂಗಿತು.

ವಿಷಯ ಬಲ್ಲವರಾದರೂ ಸಂತೋಷಪಟ್ಟಾರು ಎಂದು ಹಳೆಯ ಸಹೋದ್ಯೋಗಿಯೊಬ್ಬರಿಗೆ ತಿಳಿಸಿದೆ. ಅವರು ಅಭಿನಂದನೆ ಹೇಳುವ ಮೊದಲು "ಸ್ಕೋಪಸ್‌ನಲ್ಲಿದೆಯಾ ಸಾರ್?" ಎಂದು, ಅಂದರೆ ಮಾನ್ಯ ವಿದ್ವತ್ ಪತ್ರಿಕೆಗಳ ಆ ಪಟ್ಟಿಯಲ್ಲಿದೆಯೇ ಎಂದು ಕೇಳಿ, ಇದೆ ಎಂದ ಮೇಲೆ, ತಮ್ಮ ಬಡ್ತಿಗೆ ಕಡಿಮೆ ಬಿದ್ದಿರುವ ಲೇಖನವೊಂದನ್ನು ಅಲ್ಲಿ 'ಹಾಕಿಸಿಕೊಡಲು' ಸಾಧ್ಯವೇ ಎಂದು ವಿಚಾರಿಸಿದರು. ಜಾತ್ರೆಯಲ್ಲಿ ಮಳಿಗೆ ಹಾಕಿಸಿಕೊಡುವುದಕ್ಕೂ ಇದಕ್ಕೂ ಅವರ ದೃಷ್ಟಿಯಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಮಂಡಳಿಯ ಸಭೆಗಳು ಆನ್‌ಲೈನಿನಲ್ಲಿ, ಅವರ ಬೆಳಗಿನ ಹತ್ತು ಗಂಟೆಗೆ ನಡೆಯುತ್ತವೆ. ಅದು ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನದ ಹನ್ನೆರಡೂವರೆ. ಅಲ್ಲಿನವರು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ನಿಶ್ಚಿಂತೆಯಿಂದ ಮಲಗುತ್ತಾರಾದ್ದರಿಂದ, ಮಾರ್ಚ್ ಕೊನೆಯವರೆಗೆ ಅದೇ ಹತ್ತು ಗಂಟೆ ನಮಗೆ ಒಂದೂವರೆಯಾಗುತ್ತದೆ. ಅಂದರೆ ಚಳಿಗಾಲದ ಸಭೆಗಳು ನೇರವಾಗಿ ಊಟದ ಎಲೆಯ ಮೇಲೆಯೇ ಬಂದು ಕೂರುತ್ತವೆ. ಯಾವುದೋ ದೇಶದ ಗಡಿಯಾರಕ್ಕಾಗಿ ಈ ಮನೆಯ ಸಾರು ಎರಡು ಸಲ ಬಿಸಿಯಾಗಬೇಕೇ ಎಂಬ ಆಕ್ಷೇಪಣೆ ಅಡುಗೆಮನೆಯಿಂದ ದಾಖಲಾಗಿದ್ದು, ಅದಕ್ಕೆ ಮಂಡಳಿಯಿಂದ ಇನ್ನೂ ಉತ್ತರ ಬಂದಿಲ್ಲ.

ಆ ವರ್ಷದ ಕಾರ್ತಿಕದ ಸಭೆ ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನಗಳಲ್ಲಿಯೇ ಬಂದಿತ್ತು. ಅಡಿಟಿಪ್ಪಣಿಗಳನ್ನು ಪುಟದ ಕೆಳಗೆ ಹಾಕಬೇಕೋ ಲೇಖನದ ಕೊನೆಗೆ ಹಾಕಬೇಕೋ ಎಂಬ ಗಹನವಾದ ಚರ್ಚೆ ನಡೆಯುತ್ತಿರುವಾಗ ನಮ್ಮ ಗೇಟಿನ ಎದುರು ಓಲಗ ಮೊಳಗಿತು. ನಾನು ಮೈಕು ಮುಚ್ಚುವುದರೊಳಗಾಗಿ ಪ್ರಧಾನ ಸಂಪಾದಕರು ಅದೇನು ಧ್ವನಿ ಎಂದು ಕೇಳಿದರು. ಕೋಲೆಬಸವ ಎಂದೆ. ಅಡಿಟಿಪ್ಪಣಿಗಳು ಅಲ್ಲಿಗೆ ನಿಂತವು. ಕ್ಯಾಮೆರಾವನ್ನು ಹೊರಗೆ ತಿರುಗಿಸಬೇಕೆಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ನಾನು ಮಂಡಳಿಗೆ ಸೇರಿದ ಮೇಲೆ ಸರ್ವಾನುಮತದಿಂದ ಆದ ತೀರ್ಮಾನ ಅದೊಂದೇ.

ಲ್ಯಾಪ್‌ಟಾಪನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ನಾನು ಗೇಟಿನ ಬಳಿ ಹೋದೆ. ಬಸವನ ಬೆನ್ನ ಮೇಲೆ ಬಣ್ಣಬಣ್ಣದ ಹಳೆಯ ಸೀರೆಗಳು, ಕೊಂಬುಗಳಿಗೆ ಹಿತ್ತಾಳೆಯ ಕಳಸ, ಕೊರಳಲ್ಲಿ ಗಂಟೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಕ್ಯೂಆರ್ ಕೋಡ್. ಅಮ್ಮಾವ್ರಿಗೆ ಒಳ್ಳೇದಾಗ್ತದಾ ಬಸವಣ್ಣಾ ಎಂದರೆ ಅದು ತಲೆಯಾಡಿಸಿತು. ಮಗನಿಗೆ ಬಡ್ತಿ ಸಿಗ್ತದಾ ಎಂದರೂ ಆಡಿಸಿತು. ನನ್ನ ಹೆಂಡತಿ ಮೊರದಲ್ಲಿ ಅಕ್ಕಿ ಹಿಡಿದು ಬಂದವಳು, "ಇವರಿಗೆ ಆ ಪತ್ರಿಕೆಯವರು ಯಾವತ್ತಾದರೂ ಸಂಬಳ ಕೊಡುತ್ತಾರೇನಪ್ಪಾ?" ಎಂದು ತಾನೇ ಕೇಳಿದಳು. ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಆ ಪ್ರಾಣಿ ಈ ಒಂದು ಪ್ರಶ್ನೆಗೆ ಮಾತ್ರ ಮುಖ ತಿರುಗಿಸಿಕೊಂಡು ನಮ್ಮ ಮನೆಯ ದಾಸವಾಳದ ಗಿಡಕ್ಕೆ ಬಾಯಿ ಹಾಕಿತು. ಪರದೆಯ ಮೇಲಿನವರಿಗೆ ಅದನ್ನು ನಾನು ವಿವರಿಸಲಿಲ್ಲ.

ಅಷ್ಟರಲ್ಲಿ ಮಂಡಳಿಯ ನೀತಿಸಂಹಿತೆಯನ್ನು ನೋಡಿಕೊಳ್ಳುವ ಸದಸ್ಯೆಗೆ, ಕಲಾವಿದರ ಲಿಖಿತ ಒಪ್ಪಿಗೆಯಿಲ್ಲದೆ ನಾವು ಹೀಗೆ ನೋಡುತ್ತಿರುವುದು ಸರಿಯೇ ಎಂಬ ಆತಂಕ ಹುಟ್ಟಿತು. ಆತಂಕ ನ್ಯಾಯವಾದದ್ದೇ; ನಮ್ಮಲ್ಲಿ ಎಷ್ಟೋ ಜನ ಹಾಡುಗಾರರ ಹಾಡುಗಳು ಪುಸ್ತಕವಾಗಿ, ಅವರ ಹೆಸರು ಮಾತ್ರ ಮುನ್ನುಡಿಯಲ್ಲಿಯೂ ಸಿಗದಂತೆ ಆಗಿದೆ. ಆದರೆ ಒಪ್ಪಿಗೆಪತ್ರಕ್ಕೆ ಸಹಿ ಬೇಕೆಂದು ನಾನು ಬಸವನ ಯಜಮಾನನನ್ನು ಕೇಳಿದಾಗ ಅವನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡು, "ಸೈನ್ ಹಾಕ್ಬುಟ್ರೆ ಬಸವ ನಿಮ್ದಾಗ್ಬುಡ್ತದಾ ಸ್ವಾಮಿ?" ಎಂದ. ಆಸ್ತಿ ಕಾನೂನಿನ ಬಗ್ಗೆ ಅವನಿಗಿದ್ದ ತಿಳಿವಳಿಕೆ ಈ ನಗರದಲ್ಲಿ ಸೈಟು ಕೊಳ್ಳುವ ಬಹಳ ಮಂದಿಗೆ ಇರುವುದಿಲ್ಲ. ಕೊನೆಗೆ ಹಿರಿಯ ಸದಸ್ಯರೊಬ್ಬರು ಅಲ್ಲಿಂದಲೇ ಪರದೆಯ ಮೇಲಿನ ಕ್ಯೂಆರ್ ಕೋಡಿಗೆ ತಮ್ಮ ಫೋನು ಹಿಡಿದು ಕಾಣಿಕೆ ಸಲ್ಲಿಸಲು ಯತ್ನಿಸಿದರು. ಅವರ ಬ್ಯಾಂಕಿಗೆ ನಮ್ಮ ಯುಪಿಐ ದಕ್ಕಲಿಲ್ಲವಾಗಿ ಇಡೀ ಮಂಡಳಿಯ ಪರವಾಗಿ ನಾನೇ ಹಣ ಹಾಕಿದೆ.

ಇದಾದ ಮೇಲೆ ವಿಮರ್ಶೆಗೆಂದು ಒಂದು ಲೇಖನ ಬಂತು. ಬರೆದವರು ಯಾರೆಂದು ಓದುವವನಿಗೂ, ಓದುವವನು ಯಾರೆಂದು ಬರೆದವರಿಗೂ ತಿಳಿಯದಂತೆ ಹೆಸರು ಅಳಿಸಿ ಕಳುಹಿಸುವುದು ಇಂಥ ಪತ್ರಿಕೆಗಳ ಕ್ರಮ. ವಿಷಯ, 1990ರ ದಶಕದ ಬೆಂಗಳೂರಿನಲ್ಲಿ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಸಿದ ಮೋಹಿನಿಯ ಕಥೆ. ರಾತ್ರಿ ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುವ ಆಕೆಯನ್ನು ಜನಪದ ಕಥೆಗಳ ಆಶಯಗಳನ್ನು ವಿಭಾಗ ಮಾಡಿ ಪಟ್ಟಿ ಹಾಕಿದ ಸ್ಟಿತ್ ಥಾಮ್ಸನ್ನರ ಆಶಯಸೂಚಿಯಲ್ಲಿ ಸತ್ತವರಿಗೆ ಮೀಸಲಾದ 'ಇ' ವಿಭಾಗಕ್ಕೆ ಸೇರಿಸಬೇಕೋ, ರಾಕ್ಷಸರ 'ಜಿ' ವಿಭಾಗಕ್ಕೋ ಎಂದು ಲೇಖಕರು ಚೆನ್ನಾಗಿಯೇ ಚರ್ಚಿಸಿದ್ದರು. ಓದುತ್ತಾ ಹೋದಂತೆ ಏಳನೆಯ ವಕ್ತೃವಿನ ಹೇಳಿಕೆಗೆ ಬಂದು ನಿಂತೆ. "ದಕ್ಷಿಣ ಬೆಂಗಳೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ. ಬಾಗಿಲ ಮೇಲಿನ ಬರಹವನ್ನು ಕಂಡು ಮೋಹಿನಿಯ ಜೊತೆಗೆ ಚೀಟಿ ದುಡ್ಡು ವಸೂಲಿಗೆ ಬಂದವನೂ ಹಿಂದಿರುಗಿದನೆಂದು ತಿಳಿಸಿದರು." ಇಡೀ ಭೂಮಂಡಲದಲ್ಲಿ ಈ ಮಾತನ್ನು ಹೇಳುವವರು ಒಬ್ಬರೇ: ನಮ್ಮ ಕೆಳಮನೆಯ ರಾಯರು.

ಇಂಥ ಕಥೆಗಳು ಯಾವಾಗಲೂ ಪರಿಚಿತರ ಪರಿಚಿತರಿಗೆ ಆಗಿರುತ್ತವೆಯೇ ಹೊರತು ಹೇಳುವವರಿಗೆ ಆಗಿರುವುದಿಲ್ಲ ಎಂಬುದು ನಗರದ ದಂತಕಥೆಗಳನ್ನು ಅಭ್ಯಾಸ ಮಾಡುವವರ ಮೊದಲ ಪಾಠ. ರಾಯರು ನನಗೆ ಹೇಳಿದಾಗ ಅದು ಶ್ರೀರಾಮಪುರದ ಅವರ ಷಡ್ಡಕನ ಮನೆಯಲ್ಲಿ ನಡೆದಿತ್ತು. ಬಡಾವಣೆಯ ಸಂಘದ ಸಭೆಯಲ್ಲಿ ಅವರ ಮ್ಯಾನೇಜರ ಮನೆಯಲ್ಲಿ ನಡೆದಿತ್ತು. ಲೇಖನದಲ್ಲಿ ಮಾತ್ರ ಸ್ವತಃ ರಾಯರೇ ಚಿಲಕದ ಸದ್ದು ಕೇಳಿದ್ದರು. ಇದನ್ನು ವಿಮರ್ಶೆಯಲ್ಲಿ ಬರೆದರೆ ಗೋಪ್ಯತೆ ಮುರಿಯುತ್ತದೆ, ಬರೆಯದಿದ್ದರೆ ಶಾಸ್ತ್ರ ಕೆಡುತ್ತದೆ. ಪ್ರತಿದಿನ ಸಂಜೆ ನಮ್ಮ ಸೋಫಾದ ಮೇಲೆ ಕುಳಿತು ಕಾಫಿ ಕುಡಿಯುವ ವ್ಯಕ್ತಿಯ ಹೇಳಿಕೆಯನ್ನು ನಾನು ನಿಷ್ಪಕ್ಷಪಾತವಾಗಿ ತೂಗಲಾರೆನೆಂದು ಸಂಪಾದಕರಿಗೆ ತಿಳಿಸಿ ಆ ಲೇಖನದಿಂದ ಹಿಂದೆ ಸರಿದೆ. ಅದು ಬೇರೊಬ್ಬರ ಕೈಗೆ ಹೋಯಿತು.

ಆ ಬೇರೊಬ್ಬರು ಇನ್ನಷ್ಟು ಪಾಠಾಂತರಗಳನ್ನು ಸಂಗ್ರಹಿಸಬೇಕೆಂದು ಸೂಚಿಸಿದ್ದಿರಬೇಕು. ಮುಂದಿನ ತಿಂಗಳು ರಾಯರು ಎಂದಿನಂತೆ ಬಂದು ಕುಳಿತು, ಕಾಫಿಯ ಲೋಟ ಬಾಯಿಗಿಡುವ ಮೊದಲೇ ಶುರು ಮಾಡಿದರು.

"ಆ ಪಿಎಚ್‌ಡಿ ಹುಡುಗ ಮತ್ತೆ ಬಂದಿದ್ದ ಕಣ್ರೀ. ಯಾವುದೋ ಫಾರಿನ್ ಪತ್ರಿಕೆಯವರು ಇನ್ನೂ ವಿವರ ಕೇಳಿದ್ದಾರಂತೆ. ಈ ಸಲ ಅದು ನಿಮ್ಮ ಮನೆ ಬಾಗಿಲಿಗೇ ಬಂದಿತ್ತು ಅಂತ ಹೇಳಿಬಿಟ್ಟೆ."

"ನಮ್ಮ ಮನೆಗೇ? ಯಾಕ್ರೀ ರಾಯರೇ?"

"ಬ್ಯಾಂಕಿನವನ ಮಾತನ್ನ ಯಾರು ನಂಬುತ್ತಾರೆ? ನೀವಾದರೆ ಜಾನಪದದ ಪ್ರೊಫೆಸರು, ವಿಚಾರಿಸೋಕೆ ಬಂದರೆ ಸ್ವಲ್ಪ ವಿವರವಾಗಿ ಹೇಳಿ. ಚೀಟಿಯವನನ್ನ ಮಾತ್ರ ಬಿಡಬೇಡಿ."