ಗೂಡ್ಸ್ ಹಳಿಯ ಮೇಲೆ ಪ್ಯಾಸೆಂಜರ್ ರೈಲು: ಅಮೆರಿಕದ ಲೆಕ್ಕ ಎಲ್ಲಿ ತಪ್ಪುತ್ತದೆ

ಅಮೆರಿಕದ ರೈಲುಗಳ ಮಾತು ಬಂದಾಗಲೆಲ್ಲ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ. ದೇಶದ ಉದ್ದಗಲಕ್ಕೂ ಗೂಡ್ಸ್ ರೈಲಿನ ಹಳಿಗಳಿವೆಯಲ್ಲ, ಅವುಗಳ ಮೇಲೆಯೇ ದಿನಕ್ಕೆರಡು ಪ್ಯಾಸೆಂಜರ್ ರೈಲು ಓಡಿಸಿದರಾಯಿತು, ಹೊಸ ದಾರಿಗೆ ಕೋಟಿಗಟ್ಟಲೆ ಸುರಿಯುವುದೇಕೆ ಎಂದು. ನಾನೂ ಒಂದು ಕಾಲದಲ್ಲಿ ಹಾಗೆಯೇ ನಂಬಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಅದು ಆಗದ ಕೆಲಸವೇನಲ್ಲ, ಆದರೆ ಅಗ್ಗದ ಕೆಲಸವಂತೂ ಅಲ್ಲ. ಹಳಿ ಇದೆಯೇ ಎಂಬುದಕ್ಕಿಂತ, ಎದುರು ಬರುವ ರೈಲಿಗೆ ದಾರಿ ಬಿಟ್ಟು ನಿಲ್ಲಲು ಜಾಗವಿದೆಯೇ, ಯಾರು ನಿಲ್ಲಬೇಕೆಂದು ತೀರ್ಮಾನಿಸುವವರು ಯಾರು ಎಂಬ ಎರಡು ಪ್ರಶ್ನೆಗಳೇ ಇಲ್ಲಿ ಮುಖ್ಯ.

ಅಲ್ಲಿಯ ಒಂದು ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಬಿದ್ದಾಗ ನಿಂತು ನೋಡಿದರೆ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ಮುಂದೆ ಎರಡೋ ಮೂರೋ ಎಂಜಿನ್, ಹಿಂದೆ ಒಂದರ ಮೇಲೊಂದು ಪೇರಿಸಿದ ಕಂಟೇನರುಗಳು. ಎಣಿಕೆ ನೂರು ದಾಟಿದ ಮೇಲೆ ನಡುವೆ ಇನ್ನೊಂದು ಎಂಜಿನ್, ಅದರಲ್ಲಿ ಚಾಲಕನಿಲ್ಲ. ಅದನ್ನು ಮುಂದಿನ ಎಂಜಿನ್ನಿನಿಂದಲೇ ರೇಡಿಯೊ ಮೂಲಕ ನಡೆಸುತ್ತಾರೆ. ಕೊನೆಯಲ್ಲಿ ಗಾರ್ಡಿನ ಡಬ್ಬಿಯಾದರೂ ಬರುತ್ತದೆಂದು ಕಾದರೆ ಅದೂ ಇಲ್ಲ, ಕಟ್ಟಕಡೆಯ ವ್ಯಾಗನ್ನಿಗೆ ಸಿಕ್ಕಿಸಿದ, ಮಿಣುಕುವ ಒಂದು ಕೆಂಪು ದೀಪ ಮಾತ್ರ. ಇಂಥ ರೈಲುಗಳಲ್ಲಿ ಕೆಲವು ಸುಮಾರು 5 ಕಿಲೋಮೀಟರ್ ಉದ್ದವಿರುತ್ತವೆ. ಅಲ್ಲಿನ ಬಹುಪಾಲು ಮಾರ್ಗಗಳು ಇಂದಿಗೂ ಸಿಂಗಲ್ ಲೈನ್. ಒಂದು ರೈಲು ಪಕ್ಕಕ್ಕೆ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡುವ ಅವುಗಳ ಲೂಪ್ ಲೈನುಗಳಲ್ಲಿ ಹೆಚ್ಚಿನವು ಇದಕ್ಕಿಂತ ಬಹಳ ಚಿಕ್ಕ ರೈಲುಗಳಿದ್ದ ಕಾಲದಲ್ಲಿ ಹಾಕಿದವು. ಲೂಪಿನಲ್ಲಿ ಹಿಡಿಸದ ರೈಲನ್ನು ಲೂಪಿಗೆ ಹಾಕುವುದು ಹೇಗೆ? ಆದ್ದರಿಂದ ಆರೇಳು ಬೋಗಿಗಳ ಪ್ಯಾಸೆಂಜರ್ ರೈಲೇ ಪಕ್ಕಕ್ಕೆ ಸರಿದು ಕಾಯಬೇಕಾಗುತ್ತದೆ, ಕಾನೂನು ಏನೇ ಹೇಳಲಿ.

ಕಾನೂನು ಹೇಳುವುದಾದರೂ ಇದಕ್ಕೆ ತದ್ವಿರುದ್ಧ. ಪ್ರಯಾಣಿಕರ ಸೇವೆಯಲ್ಲಿ ನಷ್ಟ ಅನುಭವಿಸುತ್ತಿದ್ದ ಖಾಸಗಿ ರೈಲು ಕಂಪನಿಗಳ ಹೆಗಲಿನಿಂದ ಆ ಹೊರೆಯನ್ನು 1970ರ ಕಾಯ್ದೆ ಇಳಿಸಿತು. 1971ರ ಮೇ 1ರಂದು ಸರ್ಕಾರದ ಬೆಂಬಲದ ರಾಷ್ಟ್ರೀಯ ಪ್ಯಾಸೆಂಜರ್ ರೈಲು ಕಂಪನಿಯಾದ ಆಮ್‌ಟ್ರ್ಯಾಕ್ ಓಡತೊಡಗಿತು. ಹೊರೆ ಇಳಿಸಿದ್ದಕ್ಕೆ ಪ್ರತಿಯಾಗಿ ಖಾಸಗಿ ಕಂಪನಿಗಳು ತಮ್ಮ ಹಳಿಗಳನ್ನು ಬಳಸಲು ಬಿಡಬೇಕಾಯಿತು. 1973ರಲ್ಲಿ ಗೂಡ್ಸ್‌ಗಿಂತ ಆಮ್‌ಟ್ರ್ಯಾಕ್‌ಗೇ ಮೊದಲ ಆದ್ಯತೆ ಎಂಬ ನಿಯಮವೂ ಸೇರಿತು. ಆದರೆ ಈ ನಿಯಮ ಮುರಿದರೆ ಆಮ್‌ಟ್ರ್ಯಾಕ್ ತಾನಾಗಿ ಕೋರ್ಟಿಗೆ ಹೋಗುವಂತಿಲ್ಲ, ನ್ಯಾಯ ಇಲಾಖೆಯೇ ಮೊಕದ್ದಮೆ ಹೂಡಬೇಕು. ಆ ಇಲಾಖೆ 1979ರಲ್ಲಿ ಸದರ್ನ್ ಪೆಸಿಫಿಕ್ ಎಂಬ ರೈಲು ಕಂಪನಿಯ ಮೇಲೆ ಒಮ್ಮೆ ಹೂಡಿತ್ತು. ಮತ್ತೆ ಹೂಡಿದ್ದು 2024ರಲ್ಲಿ, ನಾರ್ಫೋಕ್ ಸದರ್ನ್ ಎಂಬ ಇನ್ನೊಂದು ಕಂಪನಿಯ ಮೇಲೆ. ನಡುವೆ 45 ವರ್ಷ. ಕಾಗದದ ಮೇಲಿನ ಆದ್ಯತೆಯ ತೂಕ ಎಷ್ಟೆಂದು ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಗೂಡ್ಸ್ ಕಂಪನಿಗಳನ್ನು ಬರೀ ಖಳರೆಂದು ಕಾಣುವುದು ನನಗೆ ಒಪ್ಪಿಗೆಯಿಲ್ಲ. ಹಳಿ ಅವರದು, ದುರಸ್ತಿ ಅವರದು, ತೆರಿಗೆ ಕಟ್ಟುವವರೂ ಅವರೇ. ತಾಂತ್ರಿಕ ಅಡಚಣೆಗಳೂ ಸುಳ್ಳಲ್ಲ. ಒಂದೇ ದರ್ಜೆಯ ಹಳಿಯ ಮೇಲೆ ಗೂಡ್ಸ್ ಗಂಟೆಗೆ 60 ಮೈಲಿಗೆ ಮಿತಿಗೊಂಡಿದ್ದರೆ ಪ್ಯಾಸೆಂಜರ್ 79 ಮೈಲಿಯಲ್ಲಿ ಬರುತ್ತದೆ. ಹಿಂದಿನಿಂದ ವೇಗವಾಗಿ ಬರುವ ಆ ಒಂದು ರೈಲಿಗೆ ದಾರಿ ತೆರವಾಗಿಡಲು ಹಲವು ಗೂಡ್ಸ್ ರೈಲುಗಳ ಹೊತ್ತು ಹಾಳಾಗುತ್ತದೆ. ಎಲ್ಲ ರೈಲುಗಳೂ ಒಂದೇ ನಿಧಾನದಲ್ಲಿ ಸಾಗಿದರೆ ಹಳಿಯಲ್ಲಿ ಹಿಡಿಸುವಷ್ಟು ಸಂಚಾರ, ಅವುಗಳ ವೇಗ ಬೇರೆ ಬೇರೆಯಾದಾಗ ಹಿಡಿಸುವುದಿಲ್ಲ. ತಿರುವುಗಳದ್ದು ಇನ್ನೊಂದು ಕಥೆ. ವೇಗದ ರೈಲಿಗಾಗಿ ಹೊರಗಿನ ಹಳಿಯನ್ನು ಹೆಚ್ಚು ಎತ್ತರಿಸಿದರೆ, ನಿಧಾನವಾಗಿ ಬರುವ ಭಾರದ ಗೂಡ್ಸ್ ಒಳಗಿನ ಹಳಿಯ ಮೇಲೆ ವಾಲಿಕೊಂಡು ಅದನ್ನು ಸವೆಸುತ್ತದೆ. ಎತ್ತರಿಸದಿದ್ದರೆ ಪ್ಯಾಸೆಂಜರ್ ರೈಲು ತಿರುವಿನಲ್ಲೆಲ್ಲ ವೇಗ ತಗ್ಗಿಸಬೇಕಾಗುತ್ತದೆ.

ಸುರಕ್ಷತೆಯ ವಿಚಾರದಲ್ಲಿ ಮಾತ್ರ ಪರಿಸ್ಥಿತಿ ಮೊದಲಿಗಿಂತ ಸುಧಾರಿಸಿದೆ. 2008ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಸಿಂಗಲ್ ಲೈನಿನ ಮೇಲೆ ಪ್ಯಾಸೆಂಜರ್ ಮತ್ತು ಗೂಡ್ಸ್ ಮುಖಾಮುಖಿ ಡಿಕ್ಕಿಯಾಗಿ 25 ಮಂದಿ ಸತ್ತರು. ಮರು ತಿಂಗಳೇ, ಚಾಲಕ ಸಿಗ್ನಲ್ ತಪ್ಪಿಸಿದರೂ ರೈಲನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡುವ ಕಾಯ್ದೆ ಬಂತು. ಅದನ್ನು ಅಳವಡಿಸಿ ಮುಗಿಸಲು 2020ರ ಕೊನೆಯವರೆಗೂ ಬೇಕಾಯಿತೆಂಬುದು ಬೇರೆ ಮಾತು.

ಎಲ್ಲಿ ಸಾಧ್ಯವೋ ಅಲ್ಲಿ ಸಾರ್ವಜನಿಕ ಹಣದಿಂದ ಹಳಿಯನ್ನೇ ಕೊಂಡುಬಿಡುವುದು ಸರಿ ಎಂದು ನನಗನ್ನಿಸುತ್ತದೆ. ವರ್ಜೀನಿಯಾ ರಾಜ್ಯ ಮಾಡಿದ್ದು ಅದನ್ನೇ. 2019ರಲ್ಲಿ ಪ್ರಕಟಿಸಿದ 370 ಕೋಟಿ ಡಾಲರ್‌ನ ಯೋಜನೆಯಲ್ಲಿ ಅದು ವಾಷಿಂಗ್ಟನ್ ಮತ್ತು ರಿಚ್ಮಂಡ್ ನಡುವೆ ಸಿಎಸ್ಎಕ್ಸ್ ಎಂಬ ಗೂಡ್ಸ್ ಕಂಪನಿಯ ಜಾಗದಲ್ಲಿ ಪಾಲು ಕೊಂಡಿತು, ಜೊತೆಗೆ ಪೊಟೊಮ್ಯಾಕ್ ನದಿಯ ಮೇಲೆ 1904ರ ಹಳೆಯ ಸೇತುವೆಯ ಪಕ್ಕದಲ್ಲಿ ಎರಡು ಹಳಿಯ ಇನ್ನೊಂದು ಸೇತುವೆಗೆ ಕೈಹಾಕಿತು. ಫ್ಲಾರಿಡಾದಲ್ಲಿ ಖಾಸಗಿ ಪ್ಯಾಸೆಂಜರ್ ರೈಲಾದ ಬ್ರೈಟ್‌ಲೈನ್ ಗೂಡ್ಸ್ ದಾರಿಯಲ್ಲೇ ಓಡುತ್ತದೆ ನಿಜ, ಆದರೆ ಅದಕ್ಕೆ ಮೊದಲು ಅಲ್ಲಿ ಜೋಡಿ ಹಳಿ ಹಾಕಿದರು. ಲೆವೆಲ್ ಕ್ರಾಸಿಂಗುಗಳಲ್ಲಿ ಜನ ಸಾಯುವುದನ್ನು ತಪ್ಪಿಸಲು ಇನ್ನೂ ಆಗಿಲ್ಲ.

ಕೊಳ್ಳಲಾಗದ ಕಡೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೊ ಕೊಲ್ಲಿಯ ತೀರವನ್ನು ನೋಡಬೇಕು. 2005ರಲ್ಲಿ ಕತ್ರೀನಾ ಚಂಡಮಾರುತ ಬಂದ ಮೇಲೆ ನ್ಯೂ ಆರ್ಲಿಯನ್ಸ್‌ನಿಂದ ಪೂರ್ವಕ್ಕೆ ಪ್ಯಾಸೆಂಜರ್ ರೈಲು ನಿಂತುಹೋಯಿತು. ಗೂಡ್ಸ್ ಕಂಪನಿಗಳು ಹಳಿಯನ್ನು ಬೇಗನೆ ಸರಿಪಡಿಸಿಕೊಂಡವು, ಪ್ಯಾಸೆಂಜರ್ ಮಾತ್ರ ಮರಳಲಿಲ್ಲ. ನ್ಯೂ ಆರ್ಲಿಯನ್ಸ್ ಮತ್ತು ಅಲಬಾಮಾದ ಮೊಬೀಲ್ ನಗರದ ನಡುವೆ ದಿನಕ್ಕೆ ಎರಡು ಸಲ ಹೋಗಿಬರುವ ರೈಲಿಗಾಗಿ ಆಮ್‌ಟ್ರ್ಯಾಕ್ 2021ರಲ್ಲಿ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡಿನ (ರೈಲು ವ್ಯಾಜ್ಯಗಳನ್ನು ತೀರ್ಮಾನಿಸುವ ಕೇಂದ್ರ ಸಂಸ್ಥೆ) ಬಾಗಿಲು ತಟ್ಟಿದಾಗ, ಇದಕ್ಕೆ 40 ಕೋಟಿ ಡಾಲರ್‌ಗೂ ಹೆಚ್ಚಿನ ಕಾಮಗಾರಿ ಬೇಕೆಂದು ಹಳಿಯ ಒಡೆಯರು ವಾದಿಸಿದರು. ಆ ದಾರಿಯಲ್ಲಿ ದೋಣಿಗಳಿಗಾಗಿ ತೆರೆಯುವ ಸೇತುವೆಗಳು ಹಲವಿವೆ, ಕೊನೆಗೆ ಮೊಬೀಲ್ ಬಂದರಿದೆ. ಹೀಗಾಗಿ ಅವರ ವಾದವನ್ನು ಪೂರಾ ತಳ್ಳಿಹಾಕುವಂತಿರಲಿಲ್ಲ. 2022ರ ನವೆಂಬರಿನಲ್ಲಿ ರಾಜಿಯಾಯಿತು, ಮರುವರ್ಷ ಕೇಂದ್ರದಿಂದ ಸುಮಾರು 17.8 ಕೋಟಿ ಡಾಲರ್ ಅನುದಾನ ಬಂತು. ಆಮೇಲೂ ಜಗ್ಗಾಟ ಉಳಿದದ್ದು ಮೊಬೀಲ್‌ನಲ್ಲಿ: ಬಂದು ನಿಂತ ರೈಲು ಬಂದರಿನ ಗೂಡ್ಸ್‌ಗೆ ಅಡ್ಡವಾಗಬಾರದು, ಅದು ಪಕ್ಕಕ್ಕೆ ಸರಿದು ನಿಲ್ಲಲು ಒಂದು ಪ್ರತ್ಯೇಕ ಹಳಿ ಬೇಕು. ಆ ಗಿಡ್ಡ ಹಳಿಯನ್ನು ಹಾಕಿದ ಮೇಲೆ, 2025ರ ಆಗಸ್ಟ್ 18ರಂದು, ಚಂಡಮಾರುತ ಬಂದು ಸರಿಸುಮಾರು 20 ವರ್ಷಕ್ಕೆ, ಮೊದಲ ರೈಲು ಹೊರಟಿತು.