ಕರ್ವ್ ಮಾಡ್ಕೊಂಡ್ ಬಂದಿದ್ದೀರಾ?

ಗ್ರಾಫಿಕ್ ಡಿಸೈನ್ ಓದುವ ಮಕ್ಕಳಿಗೆ ಹಲವು ಕಡೆ ‘ಪ್ರೊಫೆಷನಲ್ ಡೆವಲಪ್‌ಮೆಂಟ್’ ಎಂಬ ವಿಷಯವಿರುತ್ತದೆ. ರೆಸ್ಯೂಮೆ ಬರೆಯುವುದು, ಪೋರ್ಟ್‌ಫೋಲಿಯೊ ಕಟ್ಟುವುದು, ಕೊಟೇಶನ್ ಹಾಕುವುದು, ಕ್ಲೈಂಟ್ ಎದುರು ತೊದಲದೆ ಮಾತಾಡುವುದು, ಎಲ್ಲಕ್ಕೂ ಸ್ಲೈಡುಗಳಿವೆ. ಬೆಂಗಳೂರಿನ ಸುಲ್ತಾನಪೇಟೆಯಲ್ಲಿ ಲಗ್ನಪತ್ರಿಕೆಯ ರಾಶಿಗಳ ಹಿಂದೆ ಕೂತ ಪ್ರಿಂಟಿಂಗ್ ಅಂಗಡಿಯಣ್ಣನಿಗೆ ಸ್ಲೈಡು ಬೇಕಿಲ್ಲ. ಪೆನ್‌ಡ್ರೈವ್ ಚುಚ್ಚುವ ಮೊದಲೇ ಇಡೀ ಸೆಮಿಸ್ಟರನ್ನು ಒಂದು ಪ್ರಶ್ನೆಯಲ್ಲಿ ಮುಗಿಸುತ್ತಾನೆ: “ಕರ್ವ್ ಮಾಡ್ಕೊಂಡ್ ಬಂದಿದ್ದೀರಾ?”

ಕರ್ವ್ ಮಾಡುವುದೆಂದರೆ ಅಕ್ಷರವನ್ನು ಅಕ್ಷರವಾಗಿ ಉಳಿಸದೆ ಬರೀ ಗೆರೆಗಳ ಆಕಾರವಾಗಿ ಬದಲಿಸುವುದು. ಡಿಸೈನ್ ಸಾಫ್ಟ್‌ವೇರ್‌ಗಳಾದ ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ, ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್ ಶಿಫ್ಟ್ ಓ ಒತ್ತಿದರಾಯಿತು. ಹಾಗೆ ಮಾಡಿದರೆ ಅಂಗಡಿಯವನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಮಾಡದಿದ್ದರೆ ಆ ಕಂಪ್ಯೂಟರು ತನಗೆ ತೋಚಿದ ಫಾಂಟ್ ಹಾಕಿಕೊಂಡು, ಮದುವೆ ಮನೆಯವರ ಹೆಸರನ್ನೆಲ್ಲ ಸಾಲುಸಾಲು ಚೌಕಗಳಾಗಿ ತೋರಿಸುತ್ತದೆ. ಕರ್ವ್ ಆದ ಅಕ್ಷರವನ್ನು ಮತ್ತೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ, ಹಾಗಾಗಿ ಕರ್ವ್ ಮಾಡುವ ಮೊದಲು ತಿದ್ದಲು ಬರುವ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ಇದನ್ನು ಎಲ್ಲ ಮೇಷ್ಟ್ರೂ ಹೇಳುತ್ತಾರೆ, ಯಾವ ವಿದ್ಯಾರ್ಥಿಯೂ ಮಾಡುವುದಿಲ್ಲ. ಕರ್ವ್ ಆದ ಫೈಲು ಅಂಗಡಿ ತಲುಪಿದ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತದೆ: “ಪುಟ್ಟಾ, ನಮ್ಮ ಭಾವನ ಹೆಸರಿನ ಮುಂದೆ ನಿವೃತ್ತ ಅಂತ ಹಾಕ್ಬೇಕಂತೆ. ಇಲ್ದಿದ್ರೆ ಅವ್ರು ಮದುವೆಗೇ ಬರಲ್ವಂತೆ.”

ಮೊದಲ ಕ್ಲೈಂಟ್ ನೆಂಟರೇ ಆಗಿರುತ್ತಾರೆ, ಮೊದಲ ಕೆಲಸ ಲಗ್ನಪತ್ರಿಕೆಯೇ ಆಗಿರುತ್ತದೆ. ಕಾಲೇಜಿನಲ್ಲಿ ಹೆಲ್ವೆಟಿಕಾ ಎಂಬ ಇಂಗ್ಲಿಷ್ ಫಾಂಟಿನ ಸೌಂದರ್ಯದ ಬಗ್ಗೆ ಹನ್ನೆರಡು ಪುಟ ಬರೆದವನ ಕೈಗೆ ಚಿಕ್ಕಪ್ಪ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿದ ಹಳೆಯ ಫೈಲು ಕೊಡುತ್ತಾರೆ. ಹಳೆಯ ನುಡಿ, ಬರಹ ಫಾಂಟುಗಳ ಸ್ವಭಾವ ವಿಚಿತ್ರ. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ವ್ಯವಸ್ಥೆ ಅದು, ಬಾಡಿಗೆ ಮನೆಯ ಬಾಗಿಲಿಗೆ ತಮ್ಮ ಹೆಸರಿನ ಬೋರ್ಡು ಹಾಕಿಕೊಂಡ ಹಾಗೆ. ಫಾಂಟ್ ಬದಲಿಸಿದ ಕೂಡಲೇ ಬೋರ್ಡು ಕಳಚಿ, ಮನೆಯ ನಿಜವಾದ ಮಾಲೀಕರು ಆಚೆ ಬರುತ್ತಾರೆ. ಹಾಗಾಗಿ ಮೊದಲು, ಪ್ರತಿ ಲಿಪಿಯ ಅಕ್ಷರಕ್ಕೂ ಸ್ವಂತ ಜಾಗ ಕೊಡುವ ಯೂನಿಕೋಡ್‌ಗೆ ಪರಿವರ್ತಿಸಬೇಕು.

ಅರ್ಕಾವೊತ್ತಿನ ಅವಾಂತರ ಶುರುವಾಗುವುದು ಇಲ್ಲೇ. ‘ಧರ್ಮ’ ಎಂದು ಬರೆಯುವಾಗ ಅರ್ಕಾವೊತ್ತು ‘ಮ’ಕಾರದ ಬಲಕ್ಕೆ ಬರುತ್ತದೆ. ಹಳೆಯ ಫಾಂಟುಗಳು ಕಣ್ಣಿಗೆ ಕಂಡ ಕ್ರಮದಲ್ಲೇ ಅದನ್ನು ಇಡುತ್ತವೆ. ಯೂನಿಕೋಡ್ ಉಚ್ಚಾರದ ಕ್ರಮ ನೋಡುತ್ತದೆ: ಮೊದಲು ‘ರ್’, ಆಮೇಲೆ ‘ಮ’. ಪರಿವರ್ತಕ ಇಲ್ಲಿ ಎಡವಿದರೆ, ಅಥವಾ ಪಿಡಿಎಫ್‌ನಿಂದ ನೇರ ಕಾಪಿ ಮಾಡಿದರೆ, ಧರ್ಮಪತ್ನಿ ‘ಧಮರ್ಪತ್ನಿ’ಯಾಗುತ್ತಾರೆ, ಆಶೀರ್ವಾದ ‘ಆಶೀವಾರ್ದ’ವಾಗುತ್ತದೆ, ಧಾರಾ ಮುಹೂರ್ತ ‘ಮುಹೂತರ್’ ಆಗಿ ಯಾವುದೋ ಪರದೇಶದ ಊರಿನ ಹೆಸರಿನಂತೆ ಕೇಳಿಸುತ್ತದೆ. ಇದೇ ರೋಗಕ್ಕೆ ‘ಕನಾರ್ಟಕ’ವೂ ತುತ್ತಾಗುತ್ತದೆ. ಮದ್ದು ಸುಲಭ. ಫೈಲಿನಲ್ಲಿ ‘ರ್’ ಎಂದು ಹುಡುಕಿ, ಸಿಕ್ಕಿದ ಪ್ರತಿಯೊಂದನ್ನೂ ಕಣ್ಣಾರೆ ನೋಡಬೇಕು. ಒಂದು ಲಗ್ನಪತ್ರಿಕೆಗೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸಲು ಹೋದವರ ಹೆಸರು ಬಳಗದಲ್ಲಿ ಮೂರು ತಲೆಮಾರು ಉಳಿಯುತ್ತದೆ.

ಯೂನಿಕೋಡ್‌ಗೆ ಬಂದ ಮೇಲೂ ನೆಮ್ಮದಿಯಿಲ್ಲ. ಇಲ್ಲಸ್ಟ್ರೇಟರಿನಲ್ಲಿ ಅಂಟಿಸಿದರೆ ‘ಲಕ್ಷ್ಮೀ’ ಒಡೆದು ‘ಲಕ್‌ಷ್‌ಮೀ’ ಆಗಿ ಕೂರುತ್ತಾಳೆ. ಒತ್ತಕ್ಷರ ಹೆಣೆಯುವ ಕೆಲಸವನ್ನು ಸಾಫ್ಟ್‌ವೇರ್‌ಗೆ ನಾವು ವಹಿಸದಿರುವುದೇ ಕಾರಣ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನಲಿನ ಮೂಲೆಯ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಬೇಕು. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ತೀರೊ ಕನ್ನಡ, ಬಲೂ ತಮ್ಮ ಎಲ್ಲ ಪುಕ್ಕಟೆ ಸಿಗುತ್ತವೆ. ಬಲೂ ತಮ್ಮ ಮಾತ್ರ ಲಗ್ನಪತ್ರಿಕೆಗೆ ಬೇಡ. ದುಂಡುದುಂಡಗಿನ ಆ ಅಕ್ಷರದಲ್ಲಿ ವರನ ಹೆಸರು ನಾಮಕರಣದ ಮಗುವಿನದರಂತೆ ಕಾಣುತ್ತದೆ.

ಸಾಲಿನ ಅಂತರವೂ ಇಂಗ್ಲಿಷ್ ಪುಸ್ತಕ ಹೇಳಿದಂತೆ ನಡೆಯದು. ಅಲ್ಲಿ 12 ಪಾಯಿಂಟ್ ಅಕ್ಷರಕ್ಕೆ 14.4 ಪಾಯಿಂಟ್ ಅಂತರ ತಾನಾಗಿಯೇ ಬರುತ್ತದೆ. ಕನ್ನಡದಲ್ಲಿ ‘ರಾಷ್ಟ್ರ’ದ ಒತ್ತುಗಳು ಮಾಳಿಗೆಯಿಂದ ಇಳಿಬಿಟ್ಟ ಸೀರೆಯ ಹಾಗೆ ಕೆಳಮನೆಯ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತವೆ. 12ಕ್ಕೆ 17 ಅಥವಾ 18 ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಶೀರ್ಷಿಕೆ ಅಗಲವಾಗಿ ಕಾಣಲೆಂದು ಟ್ರ್ಯಾಕಿಂಗ್, ಅಂದರೆ ಅಕ್ಷರಗಳ ನಡುವಿನ ಅಂತರ, ಎಳೆದರೆ ದೀರ್ಘವೂ ಒತ್ತೂ ತಮ್ಮ ಅಕ್ಷರದಿಂದ ಬೇರ್ಪಟ್ಟು ನಡುಬೀದಿಯಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಅದನ್ನು ಮುಟ್ಟದಿರುವುದೇ ವಾಸಿ.

ಇನ್ನು ಬಣ್ಣ. ತೆರೆ ಕೆಂಪು, ಹಸಿರು, ನೀಲಿ ಬೆಳಕಿನಿಂದ (ಆರ್‌ಜಿಬಿ) ಬಣ್ಣ ಮಾಡುತ್ತದೆ, ಕಾಗದ ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು ಶಾಯಿಗಳಿಂದ (ಸಿಎಂವೈಕೆ). ಆರ್‌ಜಿಬಿಯ ಕಣ್ಣು ಕುಕ್ಕುವ ಗಿಳಿಹಸಿರು ಸಿಎಂವೈಕೆಗೆ ಬಂದಾಗ ಬೇಯಿಸಿದ ಹಾಗಲಕಾಯಿಯ ಬಣ್ಣಕ್ಕೆ ಇಳಿಯುತ್ತದೆ. ಕಡು ನೀಲಿ ನೇರಳೆಯಾಗುತ್ತದೆ. ಸಯಾನ್ ಶೇಕಡ 100 ಇದ್ದರೆ ಮಜೆಂಟಾ 70 ದಾಟದಂತೆ ನೋಡಿಕೊಂಡರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿಯೊಂದೇ 100 ಇರಲಿ. ನಾಲ್ಕೂ ಶಾಯಿ ಬೆರೆಸಿದ ಕಪ್ಪಾದರೆ, ಪ್ಲೇಟು ಕೂದಲೆಳೆ ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. ನಾಲ್ಕನ್ನೂ ನೂರಕ್ಕೆ ಏರಿಸಿದರೆ ಶಾಯಿ ಒಣಗುವುದೇ ಇಲ್ಲ. ಒಂದು ಕಾರ್ಡಿನ ಗಣಪತಿ ಮೇಲಿನ ಕಾರ್ಡಿನ ಬೆನ್ನಿಗೆ ಅಂಟಿಕೊಂಡಿರುತ್ತಾನೆ.

ಕತ್ತರಿಸುವ ಅಂಚಿನಾಚೆಗೂ 3 ಮಿಲಿಮೀಟರ್ ಬಣ್ಣ ಹರಿಸಿ ಬ್ಲೀಡ್ ಬಿಡಬೇಕು, ಅಕ್ಷರಗಳನ್ನು ಅಂಚಿನಿಂದ ಕನಿಷ್ಠ 5 ಮಿಲಿಮೀಟರ್ ಒಳಗಿಡಬೇಕು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾರ್ಡನ್ನು ಮಡಿಸುವ ಮೊದಲು ಮಡಿಕೆಯ ಜಾಗದಲ್ಲಿ ಗೆರೆ ಒತ್ತಿಸಿ ಕ್ರೀಸಿಂಗ್ ಮಾಡಿಸಬೇಕು, ಇಲ್ಲವಾದರೆ ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಇಣುಕುತ್ತದೆ.

ಕಾಲೇಜು ಹಬ್ಬದ ಬ್ಯಾನರಿನದು ಬೇರೆಯೇ ಪ್ರಹಸನ. ‘ಪ್ರಿಂಟ್ ಅಂದ್ರೆ 300 ಡಿಪಿಐ’ (ಇಂಚಿಗೆ 300 ಚುಕ್ಕೆ) ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ 10 ಅಡಿಗೆ 6 ಅಡಿಯ ಬ್ಯಾನರನ್ನೂ 300ರಲ್ಲೇ ತೆರೆಯುತ್ತಾನೆ. ಅಗಲವೇ 36,000 ಪಿಕ್ಸೆಲ್. ಫೋಟೊಶಾಪ್‌ನ ಪಿಎಸ್‌ಡಿ ಫೈಲು 30,000ಕ್ಕಿಂತ ಹೆಚ್ಚು ಅಗಲ ಒಪ್ಪುವುದಿಲ್ಲ, 2 ಜಿಬಿ ತೂಕ ದಾಟಿದರೂ ಉಳಿಸುವುದಿಲ್ಲ. ಹಾಸ್ಟೆಲಿನ ಲ್ಯಾಪ್‌ಟಾಪು ಸಂಜೆಯ ತನಕ ಏದುಸಿರು ಬಿಟ್ಟು ಮಲಗುತ್ತದೆ. ದೂರದಿಂದ ನೋಡುವ ಬ್ಯಾನರಿಗೆ 72 ಸಾಕು, ಆಗ ಅಗಲ 8,640 ಪಿಕ್ಸೆಲ್. ಸುತ್ತಲೂ ಮೂರ್ನಾಲ್ಕು ಇಂಚು ಖಾಲಿ ಬಿಡುವುದನ್ನು ಮರೆತರೆ ಹಗ್ಗ ಕಟ್ಟುವ ರಿಂಗು ಮುಖ್ಯ ಅತಿಥಿಗಳ ಹಣೆಗೇ ಬೀಳುತ್ತದೆ. ಅತಿಥಿಗಳ ಫೋಟೊವೂ ವಾಟ್ಸಾಪ್‌ನಲ್ಲಿ ಸೊರಗಿ ಬಂದಿರುತ್ತದೆ. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಕೇಳಿದರೆ ಅದೇ ಸೊರಗಿದ ಫೋಟೊವನ್ನು ವರ್ಡ್ ಫೈಲಿನೊಳಗೆ ಅಂಟಿಸಿ ಕಳಿಸುತ್ತಾರೆ.

ಪೋರ್ಟ್‌ಫೋಲಿಯೊ ಎಂಬ ಪಿಡಿಎಫ್ ಹೊರಡುವಾಗ 180 ಎಂಬಿ ಇರುತ್ತದೆ, ಜಿಮೇಲ್ 25ಕ್ಕೇ ಬಾಗಿಲು ಹಾಕುತ್ತದೆ. ಎಂಟರಿಂದ ಹತ್ತು ಕೆಲಸ, 10 ಎಂಬಿಯೊಳಗೆ, ಒಳ್ಳೆಯದು ಮೊದಲು. ಅಷ್ಟೇ ಒಳ್ಳೆಯದು ಇನ್ನೊಂದಿದ್ದರೆ ಕೊನೆಗೆ. ಕಾಫಿ ಲೋಟ, ಕೈಚೀಲ, ಟೀ ಶರ್ಟುಗಳ ಮೇಲೆ ಲೋಗೊ ಕೂರಿಸಿದ ಮಾಕಪ್‌ಗಳನ್ನು ಸಂದರ್ಶಕರು ಸರಸರ ದಾಟುತ್ತಾರೆ. ಮುದುರಿದ ಲಗ್ನಪತ್ರಿಕೆಯೊಂದು ಬ್ಯಾಗಿನಿಂದ ಹೊರಬಿದ್ದರೆ ನಿಂತು ಕೇಳುತ್ತಾರೆ: “ಇದನ್ನ ನೀವೇ ನಿಂತು ಪ್ರಿಂಟ್ ಮಾಡ್ಸಿದ್ರಾ?” ನನ್ನ ಪ್ರಕಾರ ಇಡೀ ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ.

ಕೊಟೇಶನ್ನಿನಲ್ಲಿ ಮೂರೇ ಕರೆಕ್ಷನ್ ಎಂದು ಬರೆಯಬೇಕು, ಅರ್ಧ ಹಣ ಮುಂಗಡ ಪಡೆಯಬೇಕು, ಕೊನೆಯ ಪ್ರೂಫಿನ ಮೇಲೆ ‘ಸರಿಯಿದೆ’ ಎಂದು ಸಹಿ ಹಾಕಿಸಿಕೊಳ್ಳಬೇಕು. ನೆಂಟರಲ್ಲಿ ಸಹಿ ಕೇಳಲು ಮುಖ ಬರುವುದಿಲ್ಲ. ಆದ್ದರಿಂದ 500 ಕಾರ್ಡು ಮನೆಗೆ ಬಂದ ಮೇಲೆ ಅಜ್ಜಿ ಕನ್ನಡಕ ಏರಿಸಿ, “ಬುಧವಾರ ಅಂತ ಹಾಕಿದೀಯಲ್ಲೋ, ಧಾರೆ ಇರೋದು ಗುರುವಾರ” ಎನ್ನುತ್ತಾರೆ.

ತಪ್ಪಿನ ಮೇಲೆ ಅಂಟಿಸುವ ಸ್ಟಿಕರ್‌ಗೂ ಕ್ರಮವಿದೆ. ಕಾರ್ಡಿನ ಹಿನ್ನೆಲೆಯ ಬಣ್ಣವೇ ಇರಬೇಕು, ಒಂದು ಪದ ಮುಚ್ಚಲು ಹೋಗದೆ ಇಡೀ ಸಾಲು ಮುಚ್ಚುವ ಉದ್ದವಿರಬೇಕು, ಎಡ ತುದಿಯನ್ನು ಮೊದಲು ಕೂರಿಸಿ ಬಲಕ್ಕೆ ಒತ್ತುತ್ತ ಹೋಗಬೇಕು. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ನಾಲ್ಕು ಜನ ಕೂತರೆ 500 ಕಾರ್ಡು ಒಂದು ಮಧ್ಯಾಹ್ನದ ಕೆಲಸ. ಮುನ್ನೂರನೆಯ ಕಾರ್ಡಿನ ಹೊತ್ತಿಗೆ ದೊಡ್ಡಮ್ಮ ಶುರು ಮಾಡುತ್ತಾರೆ:

“ಕಾರ್ತೀಕದಲ್ಲಿ ನಮ್ಮ ಮನೆ ಗೃಹಪ್ರವೇಶ ಕಣೋ. ಒಂದು ಚಿಕ್ಕ ಕಾರ್ಡು, ಸಿಂಪಲ್ಲಾಗಿ…”

“ಮಾಡ್ಕೊಡ್ತೀನಿ ದೊಡ್ಡಮ್ಮ. ಮೂರು ಕರೆಕ್ಷನ್, ಅರ್ಧ ಅಡ್ವಾನ್ಸು.”

“ಅಡ್ವಾನ್ಸು ತಾನೆ? ತಗೋ,” ಎಂದು ಚಕ್ಕುಲಿ ಡಬ್ಬ ಮುಂದೆ ತಳ್ಳುತ್ತಾರೆ.